ನಲ್ಲಿಕಟ್ಟೆಯ ಲಂಕಾ ಚುನಾವಣೆ

ಧರ್ಮಪ್ಪನ ಮನೆಗೆ ಬರುತ್ತಿದ್ದದ್ದು ಒಂದೇ ಪೇಪರು, ಅದನ್ನು ಕೇಳುತ್ತಿದ್ದದ್ದು ಇಡೀ ಲೈನು. ಭದ್ರಾವತಿಯಲ್ಲಿ ಕಾರ್ಖಾನೆಯವರು ಯಾವ ಕಾಲದಲ್ಲೋ ಕಟ್ಟಿಸಿದ ಹದಿನಾಲ್ಕು ಮನೆಗಳ ಆ ಸಾಲಿಗೆ ಇದ್ದದ್ದು ಒಂದೇ ನಲ್ಲಿ. ಬೆಳಿಗ್ಗೆ ಆರೂವರೆಗೆ ನೀರು ಬಿಟ್ಟರೆ ಎಂಟಕ್ಕೆ ನಿಲ್ಲಿಸುತ್ತಿದ್ದರು. ಆ ಒಂದೂವರೆ ಗಂಟೆ ಕೊಡಗಳು ಸಾಲಾಗಿ ನಿಂತಿರುತ್ತಿದ್ದವು, ಕೊಡಗಳ ಹಿಂದೆ ಜನ ನಿಂತಿರುತ್ತಿದ್ದರು. ನಲ್ಲಿಯ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಧರ್ಮಪ್ಪ ಕಾಲು ಇಳಿಬಿಟ್ಟು ಕೂತು ಪೇಪರು ಬಿಡಿಸುತ್ತಿದ್ದ. ಹನ್ನೊಂದು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಸಾಲಿನ ಅರ್ಧ ಜನ ಸೇಲಂ, ಧರ್ಮಪುರಿ, ಚಿತ್ತೂರು ಕಡೆಯಿಂದ ಅಪ್ಪಂದಿರ ಕಾಲದಲ್ಲಿ ಬಂದವರು. ಕನ್ನಡ ನೀರು ಕುಡಿದ ಹಾಗೆ ಮಾತಾಡುತ್ತಿದ್ದರು, ಅಕ್ಷರ ಮಾತ್ರ ಹತ್ತಿರಲಿಲ್ಲ. ಉಳಿದ ಅರ್ಧಕ್ಕೆ ಓದಲು ಬರುತ್ತಿತ್ತು. ಆದರೆ ಪುಕ್ಕಟೆ ಓದಿ ಹೇಳುವವನೊಬ್ಬ ಕಣ್ಣೆದುರಿಗಿರುವಾಗ ತಾವು ಯಾಕೆ ಕನ್ನಡಕ ಹುಡುಕಬೇಕು ಎಂದು ಅವರೂ ಕಿವಿಯನ್ನೇ ನೆಚ್ಚಿಕೊಂಡಿದ್ದರು. ಕಾರ್ಖಾನೆಯ ಸ್ಟೋರಿನಲ್ಲಿ ದಿನವಿಡೀ ನಟ್ಟು ಬೋಲ್ಟು ಎಣಿಸಿ ಕೊಡುವ ಧರ್ಮಪ್ಪನಿಗೆ ಇಡೀ ದಿನದಲ್ಲಿ ಗೌರವ ಸಿಗುತ್ತಿದ್ದದ್ದು ಆ ಒಂದೂವರೆ ಗಂಟೆ ಮಾತ್ರ.

ಅವನು ಓದುತ್ತಿದ್ದದ್ದು ಪೇಪರನ್ನೇ, ಆದರೆ ಪೇಪರನ್ನಷ್ಟೇ ಅಲ್ಲ. ಎರಡು ಸಾಲಿನ ಸುದ್ದಿ ಅವನ ಬಾಯಲ್ಲಿ ಹತ್ತು ಸಾಲಾಗುತ್ತಿತ್ತು. ಬಸ್ಸು ಮಗುಚಿ ಮೂವರಿಗೆ ಗಾಯ ಎಂದಿದ್ದರೆ, ಮೂವರಲ್ಲಿ ಒಬ್ಬಳು ಹೊಸದಾಗಿ ಮದುವೆಯಾದವಳು ಎಂದು ಸೇರಿಸುತ್ತಿದ್ದ. ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ ಒಂದು ಕ್ಷಣವೂ ತಡವರಿಸದೆ ಉತ್ತರ ಕೊಡುತ್ತಿದ್ದ. ಗೊತ್ತಿಲ್ಲ ಎಂಬ ಮಾತು ಆ ಕಟ್ಟೆಯ ಮೇಲೆ ಕೂತಾಗ ಅವನ ಬಾಯಿಂದ ಬಂದದ್ದೇ ಇಲ್ಲ. ಇದರಲ್ಲಿ ತಪ್ಪಿದೆ ಎಂದೂ ಅವನಿಗೆ ಅನ್ನಿಸಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವುದು ಮೋಸವೇ?

ತೊಂಬತ್ತನಾಲ್ಕರ ನವೆಂಬರಿನಲ್ಲಿ ಊರ ತುಂಬ ನಮ್ಮದೇ ವಿಧಾನಸಭೆ ಚುನಾವಣೆಯ ಗದ್ದಲ. ಆದರೆ ನಲ್ಲಿಕಟ್ಟೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ಹಿಂದಿನ ಸಲ ಎತ್ತಿದ್ದಕ್ಕೆ ಎರಡು ಮನೆಯವರ ನಡುವೆ ಕೊಡಗಳು ಹಾರಾಡಿ, ಒಬ್ಬನ ಹಣೆಗೆ ನಾಲ್ಕು ಹೊಲಿಗೆ ಬಿದ್ದು, ಆರು ತಿಂಗಳು ಮಾತು ನಿಂತಿತ್ತು. ಅಂದಿನಿಂದ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಪಾಲಿಸುವ ಕರಾರೊಂದು ಏರ್ಪಟ್ಟಿತ್ತು. ಅದೇ ಸಮಯಕ್ಕೆ ಶ್ರೀಲಂಕಾದಲ್ಲೂ ಅಧ್ಯಕ್ಷರ ಚುನಾವಣೆ ಬಂತು. ಎಲ್ಲರಿಗೂ ನಿರಾಳವಾಯಿತು. ಹತ್ತಿರದ ದೇಶ, ಬೇಕಾದಷ್ಟು ಬಾಂಬು, ಬೇಕಾದಷ್ಟು ರಾಜಕೀಯ, ಮತ್ತು ನಮ್ಮವರು ಅಂತ ಅಲ್ಲಿ ಯಾರೂ ಇಲ್ಲ. ಯಾರ ಮನಸ್ಸಿಗೂ ನೋವಾಗದ ಚುನಾವಣೆ ಎಂದರೆ ಇದು ಎಂದು ಧರ್ಮಪ್ಪನೇ ಹೇಳಿದ್ದ.

ಫಿಟ್ಟರ್ ಪರಮೇಶ ಆ ದ್ವೀಪವನ್ನು ದಿನಾ ಬೆಳಿಗ್ಗೆ ಎರಡು ಭಾಗ ಮಾಡಿ, ಮೇಲಿನದನ್ನು ಒಬ್ಬರಿಗೆ ಕೆಳಗಿನದನ್ನು ಒಬ್ಬರಿಗೆ ಹಂಚಿ, ಸಮಸ್ಯೆ ಮುಗಿಸಿ ಹಲ್ಲುಜ್ಜಲು ಹೋಗುತ್ತಿದ್ದ. ಎದುರು ಮನೆ ಪುಷ್ಪಮ್ಮನಿಗೆ ಎರಡು ಕಡೆಯೂ ಹೆಂಗಸರೇ ನಿಂತಿರುವುದು, ಇಬ್ಬರೂ ಗಂಡಂದಿರನ್ನು ಕೊಲೆಗೆ ಕಳೆದುಕೊಂಡವರು ಎನ್ನುವುದು ಬಹಳ ಹಿಡಿಸಿಬಿಟ್ಟಿತ್ತು. ಯಾರು ಗೆದ್ದರೂ ಇನ್ನೊಬ್ಬಳ ಕಣ್ಣೀರು ಒರೆಸಲಿ ಎಂದು ತೀರ್ಪು ಕೊಟ್ಟಿದ್ದಳು. ಕಾರ್ಖಾನೆ ಶಾಲೆಯ ಶಿವಶಂಕರಪ್ಪ ಮೇಷ್ಟ್ರು ಮಾತ್ರ ಹೆಚ್ಚು ಮಾತಾಡುತ್ತಿರಲಿಲ್ಲ. ವಿಭೂತಿ ಹಚ್ಚಿದ ಹಣೆಯನ್ನು ಸ್ವಲ್ಪ ಓರೆ ಮಾಡಿ ಕೇಳುತ್ತ, ಧರ್ಮಪ್ಪನ ಸುದ್ದಿ ತೀರಾ ಏರಿದಾಗ ಮೀಸೆಯಲ್ಲೇ ನಗುತ್ತಿದ್ದರು.

ಈ ಚುನಾವಣೆ ಶುರುವಾದ ಮೇಲೆ ಹೊಸದಾಗಿ ಬಂದು ನಿಲ್ಲುತ್ತಿದ್ದವಳೆಂದರೆ ಕೊನೆಯ ಮನೆಯ ಚಿನ್ನಮ್ಮ. ಅವಳ ಗಂಡ ಆರ್ಮುಗಂ ಗೂಡ್ಸ್ ಶೆಡ್ಡಿನಲ್ಲಿ ಲೋಡಿಂಗ್ ಮಾಡುತ್ತಿದ್ದ. ಕಾರ್ಖಾನೆಯ ಒಬ್ಬರು ಬಿಟ್ಟುಹೋದ ಮನೆಯಲ್ಲಿ ಬಾಡಿಗೆಗಿದ್ದರು, ಸೇಲಂ ಕಡೆಯವರಂತೆ. ಹೆಚ್ಚು ಬೆರೆಯುವವಳಲ್ಲ, ನೀರು ಹಿಡಿದು ಹೋಗಿಬಿಡುತ್ತಿದ್ದಳು. ವರ್ಷಕ್ಕೊಮ್ಮೆ ಸಂಕ್ರಾಂತಿಯ ದಿನ ಮಾತ್ರ ಹೊಸ ಸೀರೆ ಉಟ್ಟು ಬಂದು, ಅಣ್ಣ ಊರಿಂದ ಕಳಿಸಿದ್ದು ಎಂದು ಎಲ್ಲರಿಗೂ ಸೆರಗು ತೋರಿಸುತ್ತಿದ್ದಳು. ಅಂಥವಳು ಈಗ ಕೊಡ ತುಂಬಿದ ಮೇಲೂ ಸೊಂಟದಿಂದ ಇಳಿಸದೆ ನಿಂತೇ ಇರುತ್ತಿದ್ದಳು. ತನ್ನ ಓದುವ ಶೈಲಿಗೆ ಇವಳೂ ಮಾರುಹೋಗಿದ್ದಾಳೆ ಎಂದು ಧರ್ಮಪ್ಪ ಒಳಗೊಳಗೇ ಉಬ್ಬಿದ.

ಒಂದು ದಿನ ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಅಣ್ಣಾ, ಹಟನ್ ಅಂತ ಒಂದು ಊರು. ಅಲ್ಲಿಂದು ಏನಾದ್ರೂ ಬರ್ದಿದಾರಾ?"

ಯಾಕೆ ಎಂದು ಅವನು ಕೇಳಬೇಕಿತ್ತು. ಆಮೇಲೆ ಎಷ್ಟೋ ಸಲ ಅವನು ಆ ಕ್ಷಣಕ್ಕೆ ಮರಳಿ ಹೋಗಿ ಯಾಕಮ್ಮ ಎಂದು ಕೇಳಿದ್ದುಂಟು. ಆದರೆ ಅಂದು ಕೇಳಲಿಲ್ಲ. ಈ ತಮಿಳರ ಮನೆಯಲ್ಲಿ ಸಿಲೋನ್ ರೇಡಿಯೋ ಹಾಕುತ್ತಾರೆ, ಅದರಲ್ಲಿ ಎಲ್ಲೋ ಹೆಸರು ಕೇಳಿರಬೇಕು ಎಂದುಕೊಂಡ. ಕೇಳಿದ ಗಿರಾಕಿಗೆ ಮಾಲು ಇಲ್ಲ ಎನ್ನಲು ಅಂಗಡಿಯವನಿಗೆ ಬಾಯಿ ಬರುತ್ತದೆಯೇ? ನಾಳೆ ನೋಡಿ ಹೇಳ್ತೀನಿ ಎಂದ. ಮನೆಗೆ ಹೋಗಿ, ಮಗಳು ಕವನ ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ಶಾಲೆಯ ಅಟ್ಲಾಸ್ ತೆಗೆದು ಹುಡುಕಿದ. ಲಂಕೆಯ ಹೊಟ್ಟೆಯ ಭಾಗದಲ್ಲಿ, ಬೆಟ್ಟಗಳ ಕಂದು ಬಣ್ಣದ ನಡುವೆ, ಚುಕ್ಕೆಯ ಪಕ್ಕ ಆ ಹೆಸರು ಸಿಕ್ಕಿತು. ಟೀ ತೋಟಗಳ ಜಾಗ ಎಂದು ಅಲ್ಲೇ ಬಣ್ಣದ ಗುರುತಿತ್ತು. ಅಷ್ಟು ಸಾಕಾಯಿತು.

ಮಾರನೇ ದಿನ ಹಟನ್ನಿನಲ್ಲಿ ಮಳೆ ಬಂತು. ಟೀ ತೋಟದ ಹೆಂಗಸರು ಕೊಡೆ ಹಿಡಿದು ಚುನಾವಣಾ ಭಾಷಣ ಕೇಳುತ್ತಿದ್ದಾರೆ ಎಂದು ಧರ್ಮಪ್ಪ ಪೇಪರಿನ ಮೇಲೆ ಬೆರಳಾಡಿಸುತ್ತ ಓದಿದ. ಚಿನ್ನಮ್ಮನ ಮುಖ ಅರಳಿತು. ಅಂಥ ಕೇಳುಗರು ಹನ್ನೊಂದು ವರ್ಷದಲ್ಲಿ ಅವನಿಗೆ ಸಿಕ್ಕಿರಲಿಲ್ಲ. ಅದರ ಮಾರನೇ ದಿನ ಹಟನ್ನಿನ ರೈಲ್ವೆ ಸ್ಟೇಷನ್ನಿಗೆ ಬಣ್ಣ ಹೊಡೆದರು. ಆಮೇಲೆ ಅಲ್ಲಿಯ ತೋಟದ ಕೂಲಿ ಹೆಚ್ಚಿತು. ಅವಳು ಕೊಡ ಹೊತ್ತು ನಿಂತು ಎಲ್ಲವನ್ನೂ ಕೇಳಿಸಿಕೊಂಡು, ತಲೆ ತಗ್ಗಿಸಿ, ತನ್ನಷ್ಟಕ್ಕೇ ನಗುತ್ತ ಹೋಗುತ್ತಿದ್ದಳು. ಪರಮೇಶ ಒಮ್ಮೆ, ಅಣ್ಣ ಈ ಹಟನ್ ಯಾವ ಪುಟದಲ್ಲಿ ಬರುತ್ತೆ ಎಂದು ಕಣ್ಣು ಮಿಟುಕಿಸಿದ. ಒಳಪುಟದಲ್ಲಿ ಮಾರಾಯ, ನಿನ್ನಂಥವರು ಅಲ್ಲಿತನಕ ಹೋದ್ರೆ ತಾನೆ ಎಂದು ಧರ್ಮಪ್ಪ ಅವನ ಬಾಯಿ ಮುಚ್ಚಿಸಿದ. ಎಲ್ಲರೂ ನಕ್ಕರು.

ಒಂಬತ್ತನೇ ತಾರೀಖು ಅಲ್ಲಿ ಮತದಾನ ಮುಗಿಯಿತು. ಫಲಿತಾಂಶವೂ ಬಂತು. ಗೆಲ್ಲುತ್ತಾಳೆ ಎಂದಿದ್ದವಳೇ ಗೆದ್ದಳು. ಎಲ್ಲ ಸುಸೂತ್ರವಾಗಿ ನಡೆದುಹೋದದ್ದರಿಂದ ನಲ್ಲಿಕಟ್ಟೆಯಲ್ಲಿ ದೊಡ್ಡ ಬೇಜಾರು ಕವಿಯಿತು. ಶನಿವಾರ ಬೆಳಿಗ್ಗೆ ಧರ್ಮಪ್ಪ ಓದುತ್ತಿರುವಾಗಲೇ ಪರಮೇಶ ಆಕಳಿಸಿದ, ಪುಷ್ಪಮ್ಮ ಯಾರದೋ ಸೊಸೆಯ ವಿಷಯ ತೆಗೆದಳು. ಚಿನ್ನಮ್ಮ ಒಬ್ಬಳು ಮಾತ್ರ ಅವನ ಮುಖ ನೋಡುತ್ತಿದ್ದಳು. ಕೇಳುವವರ ಗಮನ ಜಾರುತ್ತಿರುವುದನ್ನು ಅವನಿಗೆ ಸಹಿಸಲಾಗಲಿಲ್ಲ. ದನಿ ಎತ್ತರಿಸಿ, "ಗೆದ್ದೋರು ಸೋತೋರ ಜಗಳ, ಹಟನ್ನಲ್ಲಿ ತೋಟದ ಲೈನ್ ಮನೆಗಳಿಗೆ ಬೆಂಕಿ," ಎಂದು ಓದಿದ. ಲೈನ್ ಮನೆ ಎಂಬುದು ಅವನಿಗೆ ಹೊಳೆದದ್ದು ತಾನೇ ಲೈನ್ ಮನೆಯಲ್ಲಿ ಇದ್ದದ್ದರಿಂದ. ಹೊರಗಿಂದ ಚಿಲಕ ಹಾಕಿ ಬೆಂಕಿ ಇಟ್ಟರಂತೆ. ಒಂದು ಇಡೀ ಸಾಲು ಬೂದಿಯಾಯಿತಂತೆ. ಒಬ್ಬರೂ ಉಳಿಯಲಿಲ್ಲವಂತೆ. ಪುಷ್ಪಮ್ಮ ಸೊಸೆಯನ್ನು ಅರ್ಧಕ್ಕೇ ಬಿಟ್ಟು ಈ ಕಡೆ ತಿರುಗಿದಳು. ಪರಮೇಶನ ಆಕಳಿಕೆ ನಿಂತಿತು.

ಚಿನ್ನಮ್ಮ ಮುಂದೆ ಬಂದಳು. "ಯಾವ ತೋಟ ಅಣ್ಣಾ? ಮೇಮಲೆ ತೋಟಾನಾ?"

"ಹೂಂ, ಅದೇ," ಎಂದ ಧರ್ಮಪ್ಪ.

"ಎಲ್ಲಿ ಬರ್ದಿದಾರೆ, ತೋರಿಸಿ."

ಅವನು ಒಳಪುಟದ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟ. ಅವಳು ಆ ಜಾಗವನ್ನು ಬಹಳ ಹೊತ್ತು ನೋಡಿ, ಈ ಪೇಪರು ನನಗೆ ಕೊಡ್ತೀರಾ ಎಂದಳು. ಅವನು ಖುಷಿಯಿಂದಲೇ ಕೊಟ್ಟ. ಅವಳು ಪೇಪರು ಮಡಚಿ ಎದೆಗೆ ಒತ್ತಿಕೊಂಡು ಹೋದಳು. ತುಂಬಿದ ಕೊಡ ನಲ್ಲಿಯ ಕೆಳಗೇ ಉಳಿಯಿತು.

ಎರಡು ದಿನ ಅವಳು ನೀರಿಗೆ ಬರಲಿಲ್ಲ. ಸೋಮವಾರ ಸಂಜೆ ಧರ್ಮಪ್ಪ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಹೆಂಡತಿ ಬಂಗಾರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಚಿನ್ನಮ್ಮ ಸೇಲಂನವಳಲ್ಲ. ಅವಳು ಹುಟ್ಟಿದ್ದು ಲಂಕೆಯಲ್ಲಿ, ಹಟನ್ನಿನ ಹತ್ತಿರದ ಟೀ ತೋಟದಲ್ಲಿ. ತೋಟದ ತಮಿಳು ಕೂಲಿಗಳನ್ನು ಇಂಡಿಯಾ, ಲಂಕೆ ಎರಡು ಸರ್ಕಾರದವರು ಹಂಚಿಕೊಂಡಾಗ ಅಪ್ಪ, ಅಮ್ಮ ಮತ್ತು ಅವಳ ಹೆಸರು ಈ ಕಡೆಯ ಪಟ್ಟಿಯಲ್ಲಿ ಬಂತು, ಅಣ್ಣ ಪೆರಿಯಸಾಮಿಯ ಹೆಸರು ಆ ಕಡೆಯ ಪಟ್ಟಿಯಲ್ಲಿ ಉಳಿಯಿತು. ಹತ್ತೊಂಬತ್ತು ವರ್ಷದವಳು ಹಡಗು ಹತ್ತಿ ರಾಮೇಶ್ವರಕ್ಕೆ ಬಂದಳು. ಅಣ್ಣ ಕಾಗದ ಬರೆಯುತ್ತಿದ್ದ. ಎಂಬತ್ತಮೂರರಲ್ಲಿ ಅಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನಂತರ ಕಾಗದ ನಿಂತಿತು. ಈಚೆಗೆ ಇಲ್ಲೂ ಲಂಕೆಯವರು ಎಂದರೆ ಪೊಲೀಸರು ಬಂದು ವಿಚಾರಿಸಲು ಶುರುಮಾಡಿದ ಮೇಲೆ, ಕಾವೇರಿ ಗಲಾಟೆಯೂ ಆದ ಮೇಲೆ, ಗಂಡ ಹೆಂಡತಿ ಇಬ್ಬರೂ ಸೇಲಂ ಎಂದು ಹೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದರು.

"ಸಂಕ್ರಾಂತಿ ಸೀರೆ ಅವಳೇ ತಗೊಳ್ತಿದ್ಲಂತೆ ಕಣ್ರೀ," ಎಂದಳು ಬಂಗಾರಮ್ಮ. "ಇಲ್ಲೇ ಭದ್ರಾವತಿ ಹಳೇ ಊರಿನ ಪೇಟೇಲಿ. ಅಣ್ಣ ಇದ್ದಿದ್ರೆ ಕೊಡ್ತಿದ್ದ ಅಲ್ವಾ, ಅದಕ್ಕೆ ಅವನ ಹೆಸರಲ್ಲಿ ಉಡ್ತೀನಿ ಅಂದ್ಲು. ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಮೇಮಲೆ ತೋಟ ಅಂದ್ರೆ ಅವರದ್ದೇ ತೋಟವಂತೆ."

ಧರ್ಮಪ್ಪ ಚೊಂಬು ಹಿಡಿದುಕೊಂಡೇ ನಿಂತ. ನೀರು ಪಾದದ ಮೇಲೆ ಸುರಿದು ಖಾಲಿಯಾಯಿತು. ಅದು ಪೇಪರಲ್ಲಿ ಇತ್ತು ತಾನೆ ಎಂದು ಬಂಗಾರಮ್ಮ ಕೇಳಿದಳು. ಇತ್ತು ಎಂದ. ಕಟ್ಟಿಕೊಂಡ ಹೆಂಡತಿಗೆ ಹಾಗೆ ಮುಖ ನೋಡದೆ ಸುಳ್ಳು ಹೇಳಿದ್ದು ಅವನಿಗೇ ಹೇಸಿಗೆಯಾಯಿತು, ಆದರೂ ಹೇಳಿದ.

ಸುಳ್ಳನ್ನು ವಾಪಸು ತೆಗೆದುಕೊಳ್ಳುವುದು ಎಷ್ಟು ಸುಲಭ ಎಂದು ಆ ದಿನ ಮಲಗುವಾಗ ಲೆಕ್ಕ ಹಾಕಿದ್ದ. ಹೋಗುವುದು, ತಪ್ಪಾಯಿತು ಎನ್ನುವುದು, ಬರುವುದು. ಮಂಗಳವಾರ ಬೆಳಿಗ್ಗೆ ಹೋದ ಕೂಡ. ಆರ್ಮುಗಂ ಗೋಡೆಗೆ ಒರಗಿ ಕೂತಿದ್ದ. ಚಿನ್ನಮ್ಮ ಎದ್ದು ಬಂದು, ಅಳು ಬತ್ತಿದ ಕಣ್ಣಿನಲ್ಲೇ ಅವನಿಗೆ ಕುರ್ಚಿ ಎಳೆದು ಹಾಕಿ, ಲೋಟದಲ್ಲಿ ನೀರು ಕೊಟ್ಟಳು.

"ನೀವು ಓದದೆ ಇದ್ದಿದ್ರೆ ನನಗೆ ಯಾರು ಹೇಳ್ತಿದ್ರು ಅಣ್ಣಾ," ಎಂದಳು. "ಹತ್ತು ವರ್ಷದಿಂದ ಇದಾನೋ ಇಲ್ವೋ ಅಂತ ಒದ್ದಾಡ್ತಿದ್ದೆ. ಈಗ ಒಂದು ಕಡೆಗಾಯ್ತು. ಕಾರ್ಯ ಮಾಡಿ ಕಳಿಸ್ಕೊಡ್ತೀನಿ."

ಧರ್ಮಪ್ಪ ನೀರು ಕುಡಿದ. ಲೋಟ ಕೆಳಗಿಟ್ಟ. ಧೈರ್ಯ ತಂದುಕೋಬೇಕಮ್ಮ ಎಂದು ಹೇಳಿ ಬಂದ. ಅವಳಿಗೆ ಹೇಳಿದ ಆ ಮಾತನ್ನು ತನಗೇ ಹೇಳಿಕೊಳ್ಳಬೇಕಾಗಿತ್ತು ಎಂದು ಅರ್ಧ ದಾರಿಯಲ್ಲಿ ಅನ್ನಿಸಿದರೂ ಹಿಂದಿರುಗಲಿಲ್ಲ.

ಅಂದಿನಿಂದ ಅವನು ಕಟ್ಟೆಯ ಮೇಲೆ ಕೂತರೂ ಪೇಪರಿನ ತಲೆಬರಹಗಳನ್ನಷ್ಟೇ ಓದಿ ಎದ್ದುಬಿಡುತ್ತಿದ್ದ. ಗಂಟಲು ಕಟ್ಟಿದೆ ಎಂದು ನೆಪ ಹೇಳಿದ. ಬಂಗಾರಮ್ಮ ಮೆಣಸಿನ ಕಷಾಯ ಮಾಡಿಕೊಟ್ಟಳು, ಅದನ್ನೂ ಕುಡಿದ. ಹದಿನಾರನೇ ದಿನ ಕಾರ್ಯ ಎಂದು ಚಿನ್ನಮ್ಮ ಮನೆ ಮನೆಗೆ ಬಂದು ಹೇಳಿಹೋದಳು. ಉಪ್ಪು ಬಿಟ್ಟಿದ್ದಳು, ಹೂ ಬಿಟ್ಟಿದ್ದಳು. ಪುಷ್ಪಮ್ಮ ಬೇಯಿಸಲು ದೊಡ್ಡ ಪಾತ್ರೆ ಕೊಡುತ್ತೇನೆಂದಳು. ಪರಮೇಶ ಸೌದೆ ತಂದುಹಾಕಿದ. ಕಾರ್ಯಕ್ಕೆ ಎರಡು ದಿನ ಉಳಿದಿದ್ದಾಗ ಧರ್ಮಪ್ಪ ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದ.

ಹೊರಟದ್ದು ದೊಡ್ಡ ಗ್ರಂಥಾಲಯಕ್ಕೆ. ಅಲ್ಲಿ ಎಲ್ಲ ಪೇಪರು ಬರುತ್ತವೆ, ಹಳೆಯವನ್ನೂ ಕಟ್ಟಿ ಇಟ್ಟಿರುತ್ತಾರೆ. ಒಂದು ಪೇಪರಿನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು. ದೊಡ್ಡ ದೇಶ, ಅಲ್ಲಲ್ಲ, ಸಣ್ಣ ದೇಶವೇ ಆದರೂ ಎಷ್ಟೊಂದು ಊರು, ಏನೋ ಒಂದು ಆಗಿರಬಹುದು. ಬಸ್ಸು ಮಲವಗೊಪ್ಪ ದಾಟುವ ಹೊತ್ತಿಗೆ ಅವನಿಗೆ ಸಣ್ಣ ಗೆಲುವೂ ಬಂದಿತ್ತು. ಉದ್ದನೆಯ ಮೇಜಿನ ಮುಂದೆ ಕೂತು ಹತ್ತನೇ ತಾರೀಖಿನಿಂದ ಹಿಡಿದು ಒಂದೊಂದಾಗಿ ಬಿಡಿಸಿದ. ಕನ್ನಡದ್ದು ಮುಗಿಸಿ ಇಂಗ್ಲಿಷಿನದಕ್ಕೆ ಬಂದು ಅಕ್ಷರ ಅಕ್ಷರ ಕೂಡಿಸಿ ನೋಡಿದ. ಚುನಾವಣೆ ಶಾಂತವಾಗಿ ನಡೆಯಿತು. ಹೊಸ ಅಧ್ಯಕ್ಷೆ ಪ್ರಮಾಣ ತೆಗೆದುಕೊಂಡರು. ಮಾತುಕತೆಯ ಪ್ರಸ್ತಾಪವಿದೆ. ಹಟನ್ ಎಲ್ಲೂ ಇರಲಿಲ್ಲ. ಒಂದು ಕಡೆ ಬೆಂಕಿ ಎಂಬ ಮಾತು ಕಣ್ಣಿಗೆ ಬಿದ್ದು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಕೆಳಗೆ ನೋಡಿದರೆ ಅದು ಯಾವುದೋ ಗೋದಾಮಿನದು, ಬೇರೆ ದೇಶದ್ದು. ಅವನು ನಿರಾಶೆಯಿಂದ ಪುಟ ತಿರುವಿದ.

ತಿರುವಿದ ಕೈ ಅಲ್ಲೇ ನಿಂತಿತು. ತಾನು ಬೆಳಿಗ್ಗೆಯಿಂದ ಇಲ್ಲಿ ಕೂತು ಹುಡುಕುತ್ತಿರುವುದು ಏನನ್ನು ಎಂದು ಅವನಿಗೆ ಆಗ ತಿಳಿಯಿತು. ಒಂದು ಸಾಲು ಮನೆ ಸುಟ್ಟಿರಲಿ, ಚಿಲಕ ಹಾಕಿದ ಬಾಗಿಲ ಹಿಂದೆ ಜನ ಸತ್ತಿರಲಿ, ಪೆರಿಯಸಾಮಿ ಎಂಬವನು ಅದರಲ್ಲಿ ಇದ್ದಿರಲಿ ಎಂದು ಹುಡುಕುತ್ತಿದ್ದ. ತಾನು ಹೇಳಿದ್ದು ಸುಳ್ಳಾಗದಿರಲಿ ಎಂದು ಒಬ್ಬನ ಸಾವು ಬೇಡುತ್ತಿದ್ದ. ಎದುರಿಗೆ ಕೂತು ಕೆಲಸದ ಜಾಹೀರಾತು ಬರೆದುಕೊಳ್ಳುತ್ತಿದ್ದವನೊಬ್ಬ ಇವನನ್ನು ನೋಡಿ, ಹುಷಾರಿಲ್ವಾ ಸಾರ್ ಎಂದು ಕೇಳಿದ. ಧರ್ಮಪ್ಪನಿಗೆ ಆ ಮನುಷ್ಯನ ಮುಖ ನೋಡಲೂ ನಾಚಿಕೆಯಾಯಿತು. ಪೇಪರುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟು ಹೊರಗೆ ಬಂದ.

ಮನೆಗೆ ಬಂದು ಬಂಗಾರಮ್ಮನಿಗೆ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದು ಕಾದ, ಬೈದಿದ್ದರೆ ಹಗುರಾಗುತ್ತಿತ್ತು.

"ನೀವು ಸೇರ್ಸಿ ಹೇಳ್ತೀರ ಅಂತ ನಮಗೆಲ್ಲಾ ಗೊತ್ತಿತ್ತು," ಎಂದಳು ಕೊನೆಗೆ. "ಮೇಷ್ಟ್ರಿಗೆ ಗೊತ್ತಿತ್ತು, ಪರಮೇಶಂಗೆ ಗೊತ್ತಿತ್ತು. ಕೇಳೋಕೆ ಚೆನ್ನಾಗಿರ್ತಿತ್ತು, ಬಿಟ್ಟಿದ್ವಿ. ಅವಳೊಬ್ಬಳಿಗೆ ಗೊತ್ತಿರ್ಲಿಲ್ಲ."

ಹನ್ನೊಂದು ವರ್ಷ ತಾನು ಗಳಿಸಿದ್ದ ಗೌರವ ಏನು ಎಂಬುದು ಧರ್ಮಪ್ಪನಿಗೆ ಆ ಒಂದು ಮಾತಿನಲ್ಲಿ ಗೊತ್ತಾಯಿತು. ಎಲ್ಲರೂ ನಗುವುದಕ್ಕೆ ಕೇಳುತ್ತಿದ್ದರು. ನಂಬಿದವಳು ಒಬ್ಬಳು, ಅವಳಿಗೆ ಅವನು ಕೊಟ್ಟದ್ದು ಇದು. ನಾಳೆಯೇ ಹೇಳ್ತೀನಿ ಎಂದ. ಮಾರನೇ ದಿನವೂ ಹೇಳಲಿಲ್ಲ. ಎರಡು ಸಲ ಅವಳ ಬಾಗಿಲತನಕ ಹೋಗಿ, ಒಳಗೆ ಜನ ಇದ್ದಾರೆ ಎಂದು ಒಮ್ಮೆ, ಒಳಗೆ ಯಾರೂ ಇಲ್ಲ ಎಂದು ಇನ್ನೊಮ್ಮೆ ಮರಳಿ ಬಂದ.

ಹದಿನಾರನೇ ದಿನ ಬೆಳಿಗ್ಗೆ ಆರ್ಮುಗಂ ಹಳೇ ಊರಿನ ಹಿಂದಿನ ಹೊಳೆಗೆ ಹೋಗಿ ಅಲ್ಲಿ ಮಾಡಬೇಕಾದ ಶಾಸ್ತ್ರ ಮುಗಿಸಿ ಬಂದ. ಹನ್ನೊಂದು ಗಂಟೆಗೆ ಲೈನಿನವರೆಲ್ಲ ಕೊನೆಯ ಮನೆಯಲ್ಲಿ ಸೇರಿದರು. ಮುಂದಿನ ಕೋಣೆಯಲ್ಲಿ ಗೋಡೆಗೆ ತಾಗಿಸಿ ಮಣೆ ಹಾಕಿ, ದೀಪ ಹಚ್ಚಿ, ಬಾಳೆಲೆಯ ಮೇಲೆ ಅನ್ನ, ವಡೆ, ಪಾಯಸ ಬಡಿಸಿಟ್ಟಿದ್ದರು. ಎಲೆಯ ಪಕ್ಕ ಒಂದು ಹೊಸ ಪಂಚೆ. ಅಣ್ಣನ ಫೋಟೋ ಚಿನ್ನಮ್ಮನ ಹತ್ತಿರ ಇರಲಿಲ್ಲ, ಹಡಗು ಹತ್ತುವಾಗ ಯಾರು ಫೋಟೋ ತೆಗೆಸಿದ್ದರು? ಫೋಟೋ ಇಡಬೇಕಾದ ಜಾಗದಲ್ಲಿ ದೇವರ ಪಟದ ಹಳೇ ಚೌಕಟ್ಟು ಒರಗಿಸಿದ್ದಳು. ಒಳಗಿನ ಪಟ ತೆಗೆದು, ಅಲ್ಲಿ ಪೇಪರಿನಿಂದ ಕತ್ತರಿಸಿದ ಅಂಗೈಯಗಲದ ಚೂರೊಂದನ್ನು ಗಾಜಿನ ಹಿಂದೆ ಅಂಟಿಸಿದ್ದಳು. ಗಾಜಿನ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಸುತ್ತ ಸೇವಂತಿಗೆ ಹಾರ.

ಧರ್ಮಪ್ಪ ಬಾಗಿಲಲ್ಲಿ ನಿಂತಲ್ಲಿಂದಲೇ ಓದಿದ. ಅವನಿಗೆ ಅಷ್ಟು ದೂರದಿಂದ ಓದಲು ಬರಬಾರದಿತ್ತು. ಶಿವಮೊಗ್ಗ ಮಾರುಕಟ್ಟೆ, ಅಡಿಕೆ ಧಾರಣೆ ಎಂದಿತ್ತು.

ಮೊದಲು ಶಿವಶಂಕರಪ್ಪ ಮೇಷ್ಟ್ರು ಹೂ ಹಾಕಲು ಬಗ್ಗಿದರು. ಬಗ್ಗಿದವರು ಕನ್ನಡಕ ಸರಿಮಾಡಿಕೊಂಡರು. ಚೂರನ್ನು ಕೊನೆತನಕ ಓದಿ, ಹೂ ಇಟ್ಟು, ಎದ್ದು ಗೋಡೆಯ ಬದಿಗೆ ಹೋಗಿ ನಿಂತರು. ಅವರ ಮೀಸೆಯಲ್ಲಿ ನಗು ಇರಲಿಲ್ಲ. ಆಮೇಲೆ ಪರಮೇಶ ಬಗ್ಗಿದ. ಅವನೂ ಓದಿದ. ತಿರುಗಿ ಧರ್ಮಪ್ಪನನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಕೊನೆಗೆ ನೆಲ ನೋಡಿದ. ಆದರೂ ಹೂ ಹಾಕಿದ. ಓದಲು ಬರದವರು ಕೈಮುಗಿದು ಹಾಕಿದರು, ಓದಲು ಬರುವವರು ಕಣ್ಣು ತಪ್ಪಿಸಿ ಹಾಕಿದರು. ಹೀಗೆ ಆ ಲೈನಿನ ಜನ ಒಬ್ಬರಾದ ಮೇಲೆ ಒಬ್ಬರು ಅಡಿಕೆ ಧಾರಣೆಗೆ ಹೂ ಏರಿಸಿ ಕೈಮುಗಿದರು.

ಚಿನ್ನಮ್ಮ ಹೂವಿನ ತಟ್ಟೆ ಹಿಡಿದು ಧರ್ಮಪ್ಪನ ಹತ್ತಿರ ಬಂದಳು. "ನೀವೇ ಮೊದ್ಲು ಹಾಕ್ಬೇಕಿತ್ತು ಅಣ್ಣಾ. ಯಾಕೆ ಅಲ್ಲೇ ನಿಂತ್ಬಿಟ್ರಿ," ಎಂದಳು.

ಅವನು ಹೂ ತೆಗೆದುಕೊಂಡ. ಎರಡು ಹೆಜ್ಜೆ ಇಟ್ಟ. ಹಾಕಿಬಿಡೋಣ, ಇಷ್ಟು ಜನ ಹಾಕಿದ್ದಾರೆ, ಊಟ ಮಾಡಿ ಹೋಗಿಬಿಡೋಣ, ಇಷ್ಟರಲ್ಲಿ ಮುಗಿದುಹೋಗುತ್ತದೆ ಎಂದು ಮನಸ್ಸು ಹೇಳಿತು. ಅವನ ಮನಸ್ಸು ಕೊನೆಯ ಗಳಿಗೆಯಲ್ಲೂ ಅಂಥದ್ದೇ. ಆದರೆ ಬಗ್ಗಿದಾಗ ಚೂರಿನ ಅಂಚಿನಲ್ಲಿ ಉಗುರಿನಿಂದ ಎಳೆದ ಸಣ್ಣ ಗೆರೆ ಕಾಣಿಸಿತು. ಅವನು ಬೆರಳಿಟ್ಟ ಜಾಗ ತಪ್ಪಿಹೋಗದಿರಲಿ ಎಂದು ಅವಳು ಅಂದೇ ಗುರುತು ಮಾಡಿಕೊಂಡಿದ್ದಳು.

"ಚಿನ್ನಮ್ಮ, ಇದರಲ್ಲಿ ನಿಮ್ಮಣ್ಣ ಇಲ್ಲ," ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ಎದ್ದು ನಿಂತು, ಹೂ ಕೈಯಲ್ಲೇ ಹಿಡಿದುಕೊಂಡು ಹೇಳಿದ. "ಹಟನ್ ಸುದ್ದಿ ಪೇಪರಲ್ಲಿ ಇರ್ಲಿಲ್ಲ. ಒಂದು ದಿನಾನೂ ಇರ್ಲಿಲ್ಲ. ಮಳೆ, ಸ್ಟೇಷನ್ನು, ಬೆಂಕಿ, ಎಲ್ಲಾ ನಾನೇ ಕಟ್ಟಿ ಹೇಳಿದ್ದು."

"ಮೇಮಲೆ ತೋಟ?"

"ಆ ಹೆಸರು ನೀವು ಹೇಳಿದ್ರಿ. ನಾನು ಹೂಂ ಅಂದೆ."

ಆರ್ಮುಗಂ ಕೂತಲ್ಲಿಂದ ಎದ್ದ. ಅವನು ಬಂದು ಕೆನ್ನೆಗೆ ಬಾರಿಸಿದ್ದರೆ ಧರ್ಮಪ್ಪ ಮುಖ ಒಡ್ಡುತ್ತಿದ್ದ. ಆದರೆ ಚಿನ್ನಮ್ಮ ಗಂಡನ ಕಡೆ ಕೈ ಅಡ್ಡ ಹಿಡಿದಳು. ತಟ್ಟೆ ಕೆಳಗಿಟ್ಟು, ಮಣೆಯ ಹತ್ತಿರ ಹೋಗಿ, ಹಾರ ಸರಿಸಿ ಚೌಕಟ್ಟನ್ನು ಎತ್ತಿಕೊಂಡಳು. ಸೆರಗಿನಿಂದ ವಿಭೂತಿ ಒರೆಸಿದಳು. ಕುಂಕುಮ ಗಾಜಿನ ಮೇಲೆ ಹರಡಿ ಕೆಂಪಾಯಿತು, ಅದನ್ನೂ ಮತ್ತೆ ಮತ್ತೆ ಒರೆಸಿದಳು. ಆಮೇಲೆ ತಂದು ಅವನ ಕೈಗೆ ಕೊಟ್ಟಳು.

"ಇದರಲ್ಲಿ ಏನಿದೆಯೋ ಅದನ್ನ ಓದಿ," ಎಂದಳು. "ನಲ್ಲಿ ಹತ್ರ ಓದೋ ಹಾಗೆ ಜೋರಾಗಿ ಓದಿ."

ಧರ್ಮಪ್ಪ ಓದಿದ. ಶಿವಮೊಗ್ಗ ಮಾರುಕಟ್ಟೆ, ಅಡಿಕೆ ಧಾರಣೆ. ಸರಕು, ಇಷ್ಟರಿಂದ ಇಷ್ಟು. ಬೆಟ್ಟೆ, ಇಷ್ಟರಿಂದ ಇಷ್ಟು. ರಾಶಿ. ಗೊರಬಲು. ಒಂದೊಂದು ಬಗೆಯ ಅಡಿಕೆಯ ಅಂಕಿಗಳನ್ನೂ ಒಂದೂ ಬಿಡದೆ, ಒಂದೂ ಸೇರಿಸದೆ ಓದಿದ. ಕೋಣೆಯ ತುಂಬ ಜನ ತಲೆ ತಗ್ಗಿಸಿ ಕೇಳಿದರು. ಅವಳು ಮಾತ್ರ ಅವನ ಮುಖವನ್ನೇ ನೋಡುತ್ತ, ಸೊಂಟದ ಮೇಲೆ ಕೊಡ ಇದ್ದಾಗ ನಿಲ್ಲುತ್ತಿದ್ದ ಹಾಗೇ ಸ್ವಲ್ಪ ಒಂದು ಕಡೆಗೆ ವಾಲಿ ನಿಂತಿದ್ದಳು.

"ಮುಂದೆ?" ಎಂದಳು.

"ಮುಂದೆ ಏನೂ ಇಲ್ಲಮ್ಮ. ಇಷ್ಟೇ ಇರೋದು."

"ಹಾಗಾದ್ರೆ ನಮ್ಮಣ್ಣ ಇದಾನಾ?"

ಎಲ್ಲರೂ ಅವನ ಕಡೆ ನೋಡಿದರು. ಇದ್ದಾನೆ ಎಂದುಬಿಡಬಹುದಿತ್ತು. ಒಂದೇ ಮಾತು, ಅವಳ ಮುಖ ಮತ್ತೆ ಅರಳುತ್ತಿತ್ತೋ ಏನೋ.

"ನಂಗೆ ಗೊತ್ತಿಲ್ಲ," ಎಂದ ಧರ್ಮಪ್ಪ.

ಚಿನ್ನಮ್ಮ ದೀಪದ ಹತ್ತಿರ ಹೋಗಿ ಕೂತಳು. ಒಂದು ಸೇವಂತಿಗೆ ತೆಗೆದು ಕುಡಿಯ ಮೇಲೆ ಒತ್ತಿ ಆರಿಸಲು ಹೋದವಳು, ಅರ್ಧಕ್ಕೇ ಕೈ ತಡೆದು ತಿರುಗಿ ನೋಡಿದಳು.

"ಇದಾನೆ ಅಂದ್ರೆ ಈ ದೀಪ ಉರೀಬಾರ್ದು, ಇಲ್ಲ ಅಂದ್ರೆ ಆರಬಾರ್ದು," ಎಂದಳು. "ನಾನೇನು ಮಾಡ್ಲಿ ಅಣ್ಣಾ? ಅದನ್ನಾದ್ರೂ ಹೇಳಿ."

ಒಳಗಿನಿಂದ ಅನ್ನ ಬೆಂದ ವಾಸನೆ ಬರುತ್ತಿತ್ತು. ಚೌಕಟ್ಟು ಇನ್ನೂ ಧರ್ಮಪ್ಪನ ಕೈಯಲ್ಲೇ ಇತ್ತು, ಅದರಲ್ಲಿ ಓದುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.